ಒಡೆಯ ಬಿದ್ದ ಮೇಲೂ ಬಾಗಿಲು ಕಾಯುವುದು

ಕೋರ್ಟು ಮೆಟ್ಟಿಲು ಹತ್ತದೆಯೂ ವಾದ ಬಿಡದ ನಮ್ಮ ಮನೆಯ ವಕೀಲಮ್ಮನಿಗೆ, ಅಪ್ಪನ ಆಶೀರ್ವಾದಗಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದಾರಿ ತಪ್ಪುತ್ತೇನೆ, ಕೊನೆಗೆ ಇಬ್ಬರೂ ಹಾಲಿನ ಪ್ಯಾಕೆಟ್ಟಿನ ಮಾತಿಗೆ ಬಂದು ನಿಲ್ಲುತ್ತೇವೆ. ಕಾಗದದಲ್ಲಿ ದಾರಿ ತಪ್ಪಿದರೆ ತಿದ್ದುವವರಿಲ್ಲ. ನನಗೆ ಅದೇ ಅನುಕೂಲ.

ಹೋದ ಭಾನುವಾರದ ಆಟದ ವಿಷಯ ಬರೆಯುತ್ತಿದ್ದೇನೆ. ನಮ್ಮ ಊಟದ ಮೇಜು ದೊಡ್ಡದೆಂಬ ನೆಪದಲ್ಲಿ ನೀನು, ಅಳಿಯಂದಿರು, ಆ ಲಿಫ್ಟ್ ರಿಪೇರಿಯ ಉದ್ದಣ್ಣ ಮೂವರೂ ಇಲ್ಲೇ ಬಂದು ಆಡುತ್ತೀರಿ. ಇಷ್ಟು ದಿನ ನಾನು ಟೀ ಕೊಟ್ಟು ಒಳಗೆ ಹೋಗುತ್ತಿದ್ದೆ. ಅವತ್ತು ಜನ ಸಾಲದೆಂದು ಅಳಿಯಂದಿರು ಕುರ್ಚಿ ಎಳೆದರು. "ಮಾವ, ನೀವು ಪ್ರೋಗ್ರಾಂ ಆಗಿ. ಯೋಚನೆ ಮಾಡೋ ಹಾಗಿಲ್ಲ, ಎದುರು ಮಾತಾಡೋ ಹಾಗಿಲ್ಲ. ಹೇಳಿದ್ದಷ್ಟು ಮಾಡಿದ್ರೆ ಆಯ್ತು."

"ಮದುವೆಯಾದ ದಿನದಿಂದ ಅದೇ ಕೆಲಸ" ಎಂದೆ. ಉದ್ದಣ್ಣ ಟೀಯನ್ನು ಮೂಗಿಗೆ ಏರಿಸಿಕೊಂಡ.

ನನಗೆ ತಿಳಿದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಮುಂದೆಂದೋ ಬರುವ ಕಾಲ, ಊರೆಲ್ಲ ಕಂಪನಿಗಳ ಕೈಯಲ್ಲಿ. ನೀನು, ಉದ್ದಣ್ಣ ಕಳ್ಳರು, ಆಟ ನಡೆಸುವವರು ಅಳಿಯಂದಿರು. ಕಂಪನಿಯ ಕಂಪ್ಯೂಟರಿನ ಹೊಟ್ಟೆಯೊಳಗೆ ಇಳಿದು ಗುಟ್ಟು ಕದ್ದು ಹೊರಗೆ ಬರಬೇಕು. ಆ ಹೊಟ್ಟೆಯನ್ನು ಅಳಿಯಂದಿರು ಚೌಕಳಿ ಹಾಳೆಯಲ್ಲಿ ಕೋಣೆ, ಓಣಿ, ಬಾಗಿಲುಗಳಾಗಿ ಬರೆದಿದ್ದರು. ಮೇಜಿನ ಮೇಲೆ ಕಂಪ್ಯೂಟರು ಮಾತ್ರ ಇರಲಿಲ್ಲ. ದಾಳ, ಪೆನ್ಸಿಲ್ಲು, ನಮ್ಮ ಡಬ್ಬಿಯಿಂದ ತೆಗೆದ ಗುಂಡಿಗಳು. ನನಗೆ ಕೋಟಿನ ಕಪ್ಪು ಗುಂಡಿ ಬಂತು.

ಕಳ್ಳರ ಹತ್ತಿರ ಪ್ರೋಗ್ರಾಂಗಳಲ್ಲಿ ಎರಡು ಜಾತಿ. ಒಂದು, ಒಡೆಯನ ಕೈ ಮೇಲಿರುವತನಕ ಮಾತ್ರ ಓಡುವುದು, ನಿನ್ನಮ್ಮನ ಹೊಲಿಗೆ ಯಂತ್ರದ ಹಾಗೆ. ಕಾಲು ತೆಗೆದರೆ ಸೂಜಿ ನಿಂತಿತು. ಇನ್ನೊಂದಕ್ಕೆ ಅಳಿಯಂದಿರು 'ಆಟೋನಮಸ್' ಎಂದರು. ಕಾಲೇಜಿನಲ್ಲಿ ಈ ಪದಕ್ಕೆ ಅರ್ಥ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಈಗ ನೆನಪಿಗೆ ಬಂದದ್ದು 'ಆಟೋ' ಅಷ್ಟೇ, ಅದೂ ಮೂರು ಚಕ್ರದ್ದು. ಅವರು ವಿವರಿಸಿದ ಮೇಲೆ ಗೋಡೆ ಗಡಿಯಾರ ಕಣ್ಣಿಗೆ ಬಂತು. ಕೀ ಕೊಟ್ಟವರು ಊರು ಬಿಟ್ಟು ಹೋದರೂ ಸ್ಪ್ರಿಂಗ್ ಸಡಿಲಾಗುವತನಕ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ.

ಒಡೆಯ ಅದಕ್ಕೆ ಒಂದೇ ಒಂದು ಅಪ್ಪಣೆ ಕೊಡಬಹುದು, ಅದೂ ಎಲ್ಲರಿಗೂ ಕೇಳುವ ಹಾಗೆ. ಬಿಟ್ಟ ಮೇಲೆ ಅದರ ಸರದಿ ಅದಕ್ಕೆ, ಅದರ ದಾಳ ಅದಕ್ಕೆ. ಒಡೆಯನೇ ಬಂದು ಬೇಡಿಕೊಂಡರೂ ಕಿವಿಗೊಡುವುದಿಲ್ಲ. ಅದಕ್ಕಿರುವುದು ಆರು ಬಲ. ಯಾರನ್ನಾದರೂ ತಡೆದಾಗಲೆಲ್ಲ ಒಂದು ಬಲ ಕಡಿಮೆ. ಎಲ್ಲ ಖರ್ಚಾದರೆ ಗುಂಡಿಯನ್ನು ಹಾಳೆಯಿಂದ ಎತ್ತುವುದು.

ಉದ್ದಣ್ಣ ನನ್ನನ್ನು ಒಳಕೋಣೆಯ ಬಾಗಿಲಲ್ಲಿ ನಿಲ್ಲಿಸಿ, "ಈ ಬಾಗಿಲು ದಾಟೋಕೆ ಯಾರನ್ನೂ ಬಿಡ್ಬೇಡ" ಎಂದು ಹೇಳಿ ಪಕ್ಕದ ಓಣಿಗೆ ಹೋದ. ಅಲ್ಲಿ ಕಂಪನಿಯ ಬೇಟೆನಾಯಿ ಅವನನ್ನು ಮುಗಿಸಿತು. ನಾಯಿಯೂ ನನ್ನಂಥದೇ ಪ್ರೋಗ್ರಾಂ. ವಾಸನೆ ಹಿಡಿದವರನ್ನು ಬಿಡಬಾರದೆಂಬುದು ಅದರ ಅಪ್ಪಣೆ. ಅದು ಓಣಿಯಿಂದ ನಿನ್ನ ಕಡೆ ತಿರುಗಿತು. ನೀನು ಗುಟ್ಟು ಹಿಡಿದುಕೊಂಡು ಒಳಗಿದ್ದೆ. ನಾಯಿ ಬಾಗಿಲಿಗೆ ಬರುವ ಮೊದಲು ಹೊರಗೆ ಬೀಳಬೇಕು, ದಾರಿ ನನ್ನ ಬಾಗಿಲೊಂದೇ.

"ಅಪ್ಪ, ಆ ಕಡೆ ಸರ್ಕೋ."

ನಾನು ದಾಳ ಹಾಕಿದೆ. ಐದು ಬಿತ್ತು, ತಡೆಯಲು ಅಷ್ಟು ಸಾಕಾಯಿತು. ಬಾಗಿಲು ಮುಚ್ಚಿಯೇ ಇತ್ತು.

"ಅವನು ಹೇಳಿದ್ದು ಶತ್ರುಗಳಿಗೆ, ನಮಗಲ್ಲ!"

"ಪ್ರೋಗ್ರಾಂಗೆ ಮಗಳು ಗಿಗಳು ಗೊತ್ತಿಲ್ಲ ಕಣೇ" ಎಂದು ನಿನ್ನ ಗಂಡ ನಕ್ಕರು. ನೀನು ವಾದ ಹೂಡಿದೆ. ಅಪ್ಪಣೆ ಕೊಟ್ಟವನೇ ಇಲ್ಲದ ಮೇಲೆ ಅಪ್ಪಣೆ ಎಲ್ಲಿಂದ ಬಂತು ಎಂದೆ. ಒಳ್ಳೆಯ ಪಾಯಿಂಟು. ನಾನೂ ಕೇಳಿದೆ, ಒಡೆಯ ಸತ್ತದ್ದನ್ನು ಅದಕ್ಕೆ ಯಾರಾದರೂ ತಿಳಿಸಬಾರದೇ ಎಂದು.

"ತಿಳಿಸಿದ್ರೂ ತಲೆಗೆ ಹೋಗಲ್ಲ ಮಾವ. ಬಲ ಇರೋತನಕ ನಿಂತೇ ಇರುತ್ತೆ."

ಆಮೇಲೆ ನೀನು ವಾದ ನಿಲ್ಲಿಸಿದೆ. ಪ್ರತಿ ಸರದಿಗೂ "ತಟ್ಟಿದೆ" ಎಂದಷ್ಟೇ ಹೇಳಿ ದಾಳ ಹಾಕುತ್ತಾ ಹೋದೆ. ನನ್ನ ಬಲ ಒಂದೊಂದಾಗಿ ಇಳಿಯಿತು. ನಾಯಿ ಒಂದೊಂದು ಚೌಕ ಹತ್ತಿರವಾಯಿತು. ನೀರಿನ ಮೀಟರು ಓದುತ್ತಾ ಮನೆಮನೆಯ ಬಾಗಿಲು ಬಡಿದವನು ನಾನು. ತಟ್ಟುವುದರಲ್ಲಿ ಎಷ್ಟು ಬಗೆಯಿದೆ ಎಂದು ಗೊತ್ತು. ಸಿಟ್ಟಿನದು, ಅವಸರದ್ದು, ಸಾಲ ಕೇಳುವವರದ್ದು. ನಿನ್ನದು ಅವು ಯಾವುದೂ ಆಗಿರಲಿಲ್ಲ. ಮನೆಯವರು ತಟ್ಟಿದ ಹಾಗಿತ್ತು.

ನನ್ನ ಬಲ ಒಂದಕ್ಕೆ ಬಂದಾಗ ಉದ್ದಣ್ಣನಿಗೆ ಫೋನು. ಯಾವುದೋ ಕಟ್ಟಡದಲ್ಲಿ ಲಿಫ್ಟು ನಡುವೆ ನಿಂತಿತ್ತಂತೆ. ಉಳಿದದ್ದು ಬರುವ ಭಾನುವಾರ ಎಂದು ಎದ್ದಿರಿ. ಹೋಗುವಾಗ ನೀನು ನಿನ್ನಮ್ಮನ ಕೋಣೆಯ ಬೀಗದ ಕಡೆ ಒಮ್ಮೆ ನೋಡಿದೆ. ಆ ಕೋಣೆಯನ್ನು ಬೆಳಿಗ್ಗೆಯೇ ಕೇಳಿಯಾಗಿತ್ತಲ್ಲ. ನೀನು ಹಲ್ಲಿನ ಸೆಟ್ಟು ಮಾಡುವ ಬಾಡಿಗೆ ಕೋಣೆಯನ್ನು ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು, ಧೂಳಿಲ್ಲದ ಬೆಳಕಿನ ಜಾಗ ಬೇರೆಲ್ಲೂ ಸಿಗುತ್ತಿಲ್ಲ, ಅಮ್ಮನ ಕೋಣೆ ಸುಮ್ಮನೆ ಬಿದ್ದಿದೆ ಎಂದೆ. ನಾನು ಎಂದಿನ ಉತ್ತರ ಕೊಟ್ಟೆ. ನಿಮ್ಮಮ್ಮ ಬೇಡ ಅಂದಿದ್ದಾಳೆ.

ಅವಳು ಅಂದದ್ದು ನಿಜ. ಆಸ್ಪತ್ರೆಗೆ ಹೊರಟಾಗ, ಹೊಲಿಯಲೆಂದು ಕತ್ತರಿಸಿದ ನೀಲಿ ಕೋಟಿನ ತುಂಡುಗಳು ಕೋಣೆಯ ನೆಲದ ತುಂಬ ಹರಡಿದ್ದವು. ಬಾಗಿಲು ಎಳೆದುಕೊಂಡು ಹೇಳಿದಳು: "ನಾನು ಬರೋವರೆಗೂ ಒಳಗೆ ಯಾರನ್ನೂ ಬಿಡ್ಬೇಡಿ. ತುಂಡು ಕಲಸಿಹೋದ್ರೆ ಮತ್ತೆ ಹೊಂದ್ಸೋದು ನನ್ನ ಕೈಲಾಗಲ್ಲ." ಅವಳು ಬರಲಿಲ್ಲ. ಯಾರನ್ನೂ ಎಂದ ಮೇಲೆ ನಾನೂ ಅದರಲ್ಲಿ ಸೇರಿದೆನೆಂದು ನಾನೂ ಒಳಗೆ ಹೋಗಿಲ್ಲ. ಹಿತ್ತಲಿನ ಕಿಟಕಿಯಿಂದ ಆಗಾಗ ನೋಡುತ್ತೇನೆ. ಎಡ ತೋಳು ಕಿಟಕಿಯ ಪಕ್ಕದಲ್ಲಿದೆ, ಬಿಸಿಲಿಗೆ ಬಣ್ಣ ಬಿಟ್ಟಿದೆ. ಇನ್ನು ಹೊಂದಿಸಿದರೂ ಆ ಕೋಟಿನ ಎರಡು ತೋಳೂ ಒಂದೇ ಬಣ್ಣ ಬರುವುದಿಲ್ಲ.

ಹಾಗಾದರೆ ನೀನೇ ಬೀಗ ತೆಗೆಯಬಹುದಲ್ಲ ಎನ್ನುತ್ತೀಯ. ಅಳಿಯಂದಿರನ್ನು ಕೇಳು. ಪ್ರೋಗ್ರಾಂ ತಾನಾಗಿ ಬಾಗಿಲು ತೆರೆಯುವ ನಿಯಮ ಇಲ್ಲ.

ಅದಕ್ಕೇ ಈ ಕಾಗದ. ಭಾನುವಾರ ಆಟಕ್ಕೆ ಕೂರುವ ಮುಂಚೆ, ಆ ಕೋಣೆಯನ್ನು ಇನ್ನೊಂದು ಸಲ ಕೇಳು. ವಾದ ಬೇಡ. ಹೋದ ವಾರ 'ತಟ್ಟಿದೆ' ಎಂದಷ್ಟೇ ಹೇಳಿ ದಾಳ ಹಾಕಿದೆಯಲ್ಲ, ಹಾಗೆ. ಈ ಕಡೆಯೂ ಉಳಿದಿರುವುದು ಒಂದೇ ಬಲ.

ಒಳಗೆ ಕಾಲಿಡುವಾಗ ನೆಲ ನೋಡಿಕೊಂಡು ಹೋಗು, ಗುಂಡುಸೂಜಿಗಳಿವೆ. ನಿನ್ನ ಕೈ ಹಿಡಿದ ಕೆಲಸ ಆ ಬೆಳಕಿನಲ್ಲಿ ಚೆನ್ನಾಗಿ ನಡೆಯಲಿ.

ಕಾಲೇಜಿನಲ್ಲಿ ರಜೆ ಚೀಟಿಯ ಕೊನೆಗೆ 'ಯುವರ್ಸ್ ಒಬೀಡಿಯೆಂಟ್ಲಿ' ಎಂದು ಬರೆಯುತ್ತಿದ್ದೆವು. ಅರ್ಥ ಈಗ ಸರಿಯಾಗಿ ನೆನಪಿದೆ.

ಹೇಳಿದ ಮಾತು ಮೀರದ,
ನಿನ್ನ ಅಪ್ಪ