ಸೊಪ್ಪಿನ ಕಟ್ಟಿನ ನಡುವೆ

ಲೋಮಾ ಬ್ಲಾಂಕಾ, ಲೋಹಾ ಪ್ರಾಂತ್ಯ
ಮಂಗಳವಾರ, ಆಗಸ್ಟ್ 1994

ನನ್ನ ಮುದ್ದು ಮಗಳು ನೆಲಿದಾಗೆ,

ನಿನ್ನ ದೊಡ್ಡಮ್ಮ ದೊಮಿತಿಲಾ ಮಾಡುವ ಆಶೀರ್ವಾದಗಳು. ಹೇಗಿದ್ದೀಯ ಕೂಸೇ? ಅಳಿಯ ಆರ್ತೆಮಿಯೋ ಹೇಗಿದ್ದಾನೆ, ಕಬ್ಬು ಕಡಿಯುವಾಗ ಕೊಯ್ದುಕೊಂಡ ಹೆಬ್ಬೆರಳು ಮಾಯಿತೇ? ನಿನ್ನ ಅತ್ತೆ ಗ್ರಿಸೆಲ್ದಾ ಬೀಗಿತ್ತಿಯವರ ಸೊಂಟ ಈ ಒಣಗಾಳಿಗೆ ಹಿಡಿದುಕೊಂಡಿಲ್ಲ ತಾನೇ? ಗಾಣ ತಿರುಗಿಸುವ ಹೇಸರಗತ್ತೆ ಕಪಿತಾನಾಳನ್ನೂ ಕೇಳಿದೆ ಅಂತ ಹೇಳು, ಇಲ್ಲದಿದ್ದರೆ ಮುಂದಿನ ಸಲ ಬಂದಾಗ ನನ್ನ ಕಡೆ ಬೆನ್ನು ತಿರುಗಿಸಿ ನಿಲ್ಲುತ್ತಾಳೆ.

ಇಲ್ಲಿ ನಾವೆಲ್ಲ ಇದ್ದೇವೆ. ನನ್ನ ಮಂಡಿ ಮಾತ್ರ ಏಳುವಾಗೊಮ್ಮೆ ಕೂರುವಾಗೊಮ್ಮೆ ಸದ್ದು ಮಾಡುತ್ತದೆ. ನಿನ್ನ ಅಕ್ಕ ಮರೂಹಾ ಎಂದಿನ ಹಾಗೆ ವಾರವೆಲ್ಲ ಪೇಟೆಯಲ್ಲಿ ಕಾಫಿಬೀಜ ಆರಿಸುವ ಕೆಲಸಕ್ಕೆ ಹೋಗಿ ಶನಿವಾರ ಮನೆಗೆ ಬರುತ್ತಾಳೆ. ಅವಳ ಮಗ ಎಲಿಸೆಯೋ ನನ್ನ ಜೊತೆ. ಚಕ್ರದ ಹಲಗೆಯ ಮೇಲೆ ಕೂತು, ಕೈಯಲ್ಲಿ ನೆಲ ತಳ್ಳಿಕೊಂಡು ಅಡುಗೆಮನೆಯೆಲ್ಲ ಓಡಾಡಿ, ಮೂಲೆಯಲ್ಲಿ ಹುಲ್ಲು ತಿನ್ನುವ ಗಿನಿಯಿಲಿಗಳನ್ನು ಹೆದರಿಸುತ್ತಾನೆ. ಈಗ ನಿನ್ನ ಹೆಸರು ಪೂರ್ತಿ ಹೇಳುತ್ತಾನೆ. ಬರೀ "ನೆಲಿ" ಅಲ್ಲ, "ನೆಲಿದಾ". ಒಂಬತ್ತನೇ ವರ್ಷಕ್ಕೆ ಬಂದ ಮಾತು. ಅವತ್ತು ಬಾಳೆಕಾಯಿ ಸಾರಿಗೆ ಚೀಸ್ ಸ್ವಲ್ಪ ಜಾಸ್ತಿಯೇ ಹಾಕಿದೆ.

ನಿನ್ನ ಕಾಗದ ಬಂತು. ಕೂಸು ಒದೆಯಿತು ಅಂತ ಬರೆದ ಸಾಲನ್ನು ಎಲಿಸೆಯೋಗೆ ಗಟ್ಟಿಯಾಗಿ ಓದಿ ಹೇಳಿದೆ. ಒದೆಯುವ ತನಕ ಯಾರಿಗೂ ಹೇಳಬಾರದು, ಕಣ್ಣು ತಾಗುತ್ತೆ ಅನ್ನುವ ನಮ್ಮ ಪದ್ಧತಿಯನ್ನು ನೀನು ನಡೆಸಿಕೊಂಡು ಬಂದಿದ್ದೀಯ. ನಾನೂ ನಡೆಸಿದವಳೇ, ನನ್ನ ಅಮ್ಮನೂ ನಡೆಸಿದವಳೇ. ಆದರೆ ಈ ಸಲ ಆ ಪದ್ಧತಿಯ ಮೇಲೆ ನನಗೆ ಸಿಟ್ಟು ಬಂತು ಮಗಳೇ. ಯಾಕೆ ಅಂತ ಹೇಳುತ್ತೇನೆ. ಒಬ್ಬಳೇ ಇದ್ದಾಗ ಓದು. ಕೂತು ಓದು, ಒಲೆಯಿಂದ ದೂರ ಕೂತು ಓದು.

ಎಲಿಸೆಯೋಗೆ ಸೊಂಟದ ಕೆಳಗೆ ಹುಣ್ಣಾಗಿತ್ತು. ಅವನ ಕಾಲಿಗೆ ನೋವೇ ತಿಳಿಯುವುದಿಲ್ಲವಲ್ಲ, ಹುಣ್ಣಾದದ್ದು ನನಗೂ ತಡವಾಗಿ ಕಂಡಿತು. ಹೊತ್ತುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಓದು ಮುಗಿಸಿದ ಡಾಕ್ಟರುಗಳು ಒಂದು ವರ್ಷ ಹಳ್ಳಿಯಲ್ಲಿ ದುಡಿಯಬೇಕಲ್ಲ, ಈ ವರ್ಷ ಕ್ವಿಟೋದಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಚಳಿಗೆ ಮೂಗು ಕೆಂಪಾಗಿರುತ್ತದೆ, ಮೆಲ್ಲಗೆ ಮಾತಾಡುತ್ತಾಳೆ. ಅವನನ್ನು ಬೋರಲು ಮಲಗಿಸಿ, ಹುಟ್ಟಿದಾಗ ಹೊಲಿಸಿದ ಬೆನ್ನಿನ ಗಾಯದ ಗುರುತನ್ನು ಬಹಳ ಹೊತ್ತು ನೋಡಿದಳು. ಇವನಿಗೆ ಬೇಜಾರಾಗಿ, "ಏನಿದೆ ಅಲ್ಲಿ? ಟೀವಿನಾ?" ಅಂದ. ಅವಳು ನಕ್ಕಳು. ನಕ್ಕವಳೇ ನನ್ನ ಕಡೆ ತಿರುಗಿ, "ಅಜ್ಜಿ, ಇವನ ತಾಯಿ ಬಸುರಿಯಾಗಿದ್ದಾಗ ಯಾವುದಾದ್ರೂ ಮಾತ್ರೆ ತಗೋತಿದ್ರಾ?" ಅಂತ ಕೇಳಿದಳು.

"ಮೂರ್ಛೆಗೆ ಬಿಳಿ ಮಾತ್ರೆ ತಾಯೀ. ಒಂದು ದಿನಾನೂ ತಪ್ಪಿಸಲಿಲ್ಲ ನನ್ನ ಮಗಳು," ಅಂದೆ. ಹೆಮ್ಮೆಯಿಂದಲೇ ಅಂದೆ.

ಅವಳು ಸ್ಟೂಲನ್ನು ಎಳೆದು ನನ್ನ ಹತ್ತಿರ ಕೂತಳು. ಕೂಸಿನ ಬೆನ್ನುಹುರಿಯ ಮೇಲಿನ ಹೊದಿಕೆ ಬಸುರಿನ ಮೊದಲ ತಿಂಗಳಲ್ಲೇ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಅಂತ ತಿಳಿಯುವ ಮೊದಲೇ, ಮುಚ್ಚಿಕೊಳ್ಳಬೇಕಂತೆ. ಈ ಬಿಳಿ ಮಾತ್ರೆ ಕೆಲವು ಕೂಸುಗಳಲ್ಲಿ ಅದನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲವಂತೆ. "ಎಲ್ಲಾ ಮಕ್ಕಳಿಗೂ ಆಗಲ್ಲ ಅಜ್ಜಿ. ಹೆಚ್ಚಿನವು ಚೆನ್ನಾಗೇ ಹುಟ್ಟುತ್ತವೆ. ಆದ್ರೆ ಬೇರೆ ಮಾತ್ರೆಗಳಿಗಿಂತ ಇದರಲ್ಲಿ ಅಪಾಯ ಜಾಸ್ತಿ. ಮದುವೆ ವಯಸ್ಸಿನ ಹುಡುಗಿಗೆ ಕೊಡುವಾಗಲೇ ಯಾರಾದ್ರೂ ಹೇಳಬೇಕಿತ್ತು," ಅಂದಳು. ಯಾರೂ ಹೇಳಿರಲಿಲ್ಲ. ಮಾತ್ರೆ ಬರೆದುಕೊಟ್ಟವರು ಹೇಳಲಿಲ್ಲ, ಅಂಗಡಿಯಲ್ಲಿ ಬಿಡಿಬಿಡಿಯಾಗಿ ಎಣಿಸಿ ಕೊಟ್ಟವರೂ ಹೇಳಲಿಲ್ಲ. ಮರೂಹಾಗೆ ನಾನು ಇದನ್ನು ಇನ್ನೂ ತಿಳಿಸಿಲ್ಲ. ಶನಿವಾರ ಬಂದು ಮಗನ ತಲೆ ಬಾಚುತ್ತಾ ಕೂರುತ್ತಾಳಲ್ಲ, ಆಗ ಬಾಯಿಯವರೆಗೆ ಬಂದ ಮಾತು ಒಳಗೆ ಹೋಗುತ್ತದೆ.

ಆಮೇಲೆ ನಾನು ಕೇಳಿದ್ದು ನಿನ್ನ ವಿಷಯ. ಹೆಸರು ಹೇಳಲಿಲ್ಲ. ನನ್ನ ತಂಗಿಯ ಮಗಳು ಒಬ್ಬಳು ಕೆಳಗಿನ ಕಣಿವೆಯಲ್ಲಿ ಇದ್ದಾಳೆ, ಅದೇ ಮಾತ್ರೆ, ಕೂಸು ಈಗಾಗಲೇ ಒದೆಯುತ್ತಿದೆ ಅಂದೆ. ನಿಲ್ಲಿಸಿಬಿಡು ಅಂತ ಬರೆಯಲಾ ಅಂದೆ.

ಮೆಲ್ಲಗೆ ಮಾತಾಡುವ ಹುಡುಗಿ ನನ್ನ ಮುಂಗೈ ಹಿಡಿದುಬಿಟ್ಟಳು. "ಬೇಡ ಅಜ್ಜಿ! ಹಾಗೆ ಮಾತ್ರ ಬರೀಬೇಡಿ. ಒಮ್ಮೆಲೇ ನಿಲ್ಲಿಸಿದ್ರೆ ಒಂದರ ಹಿಂದೊಂದು ಮೂರ್ಛೆ ಬರಬಹುದು. ತಾಯೀನೂ ಹೋಗ್ತಾಳೆ, ಮಗೂನೂ ಹೋಗುತ್ತೆ. ಲೋಹಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಲ್ಲಿ ಸ್ಕ್ಯಾನ್ ಮಾಡಿ ಕೂಸಿನ ಬೆನ್ನು ನೋಡ್ತಾರೆ. ಮಾತ್ರೆ ಕಡಿಮೆ ಮಾಡೋದಾ, ಬದಲಾಯಿಸೋದಾ, ಅವರೇ ನೋಡ್ಕೊಂಡು ಮಾಡ್ತಾರೆ. ಅಲ್ಲೀವರೆಗೆ ಒಂದು ಹೊತ್ತೂ ತಪ್ಪಿಸಬಾರದು."

ಅವಳು ಹೇಳುವ ಮೊದಲೇ ಅದು ನನಗೆ ಗೊತ್ತಿರಬೇಕಿತ್ತು. ನಿನ್ನ ಅಮ್ಮ ಕ್ಲೆಮೆನ್ಸಿಯಾ ಕಾಲುವೆಯಲ್ಲಿ ಜಾರಿಬಿದ್ದು ಹೋದಳು ಅಂತ ನಿನಗೆ ಹೇಳಿ ಬೆಳೆಸಿದ್ದೇವೆ. ಜಾರಲು ಅಲ್ಲಿ ಏನೂ ಇರಲಿಲ್ಲ ಮಗಳೇ. ಮೊಣಕಾಲಿನಷ್ಟು ನೀರು, ಒಣ ಕಲ್ಲು. ನಿನ್ನ ಬೆನ್ನಿಗೆ ಹುಟ್ಟಬೇಕಿದ್ದ ಕೂಸು ಆಗ ಅವಳ ಹೊಟ್ಟೆಯಲ್ಲಿತ್ತು. ಕೂಸಿಗೆ ಯಾವ ಔಷಧವೂ ತಾಗಬಾರದು ಅಂತ ಅವಳು ಆಗಿನ ಕಾಲದ ತನ್ನ ಮೂರ್ಛೆ ಮಾತ್ರೆಯನ್ನು ತಾನಾಗಿಯೇ ಬಿಟ್ಟಿದ್ದಳು. ಕಾಲುವೆಯಲ್ಲಿ ಬೀಳುವುದಕ್ಕೂ ಕೆಲವು ದಿನ ಮೊದಲಿಂದ ಬೆಳಗ್ಗೆ ಗಂಜಿ ಕುಡಿಯುವಾಗ ಅವಳ ಕೈಯಿಂದ ಚಮಚ ಎಗರಿ ಬೀಳುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ನೀನು ಬರೆದಿದ್ದೀಯ: ಬೆಳಗ್ಗೆ ಎದ್ದ ಕೂಡಲೇ ಕೈ ಒಮ್ಮೊಮ್ಮೆ ಎಗರುತ್ತದೆ, ಎರಡು ಬಟ್ಟಲು ಒಡೆದೆ, ಅತ್ತೆ ನೋಡಿ "ಗಂಡೇ ಸೈ! ಒಳಗಿಂದಲೇ ಪಾತ್ರೆ ಒಡೀತಿದ್ದಾನಲ್ಲ!" ಅಂತ ತಮಾಷೆ ಮಾಡಿದರು ಅಂತ. ಓದಿ ನಕ್ಕೆ. ಕಾಗದ ಮಡಿಸುವಾಗ ಆ ಚಮಚ ನೆನಪಾಯಿತು. ಮತ್ತೆ ಬಿಚ್ಚಿ ಆ ಸಾಲನ್ನೇ ಓದಿದೆ. ಬಸುರಿಯ ವಾಂತಿಯಲ್ಲಿ ಮಾತ್ರೆ ಹೊರಗೆ ಹೋಗುತ್ತಿರಬೇಕು ಅಂತ ನಾನು ಅಂದುಕೊಂಡಿದ್ದೇನೆ. ಹಾಗೇನಾ? ಎರಡು ಹೊತ್ತೂ ನುಂಗುತ್ತಿದ್ದೀಯಾ? ನಾನು ಕಳಿಸುವ ಮಾತ್ರೆಯ ಸುದ್ದಿಯನ್ನೇ ನೀನು ಎತ್ತಿಲ್ಲ. ಕಾಗದದಲ್ಲಿ ಅದನ್ನು ಬರೆಯಲು ನಿನಗೆ ಹೆದರಿಕೆ ಅಂತ ನನಗೆ ಗೊತ್ತು.

ಆ ಹೆದರಿಕೆಯ ಬಗ್ಗೆಯೇ ಒಂದು ಮಾತು. ಬೀಳುವ ಹುಡುಗಿಯನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ ಅಂತ ನೀನು ಅತ್ತದ್ದು, ಕೆಂಪು ಕಷಾಯದ ಸೊಪ್ಪಿನ ಕಟ್ಟಿನ ನಡುವೆ ಬಟ್ಟೆಯ ಚೀಲದಲ್ಲಿ ಮಾತ್ರೆ ಹೊಲಿದು ತಿಂಗಳು ತಿಂಗಳು ಕಳಿಸುತ್ತೇನೆ ಅಂತ ನಾನು ಅಂದದ್ದು, ಎರಡೂ ಈ ಅಡುಗೆಮನೆಯಲ್ಲೇ ಆಗಿದ್ದು. ಆಗ ಅದು ಜಾಣತನ ಅನ್ನಿಸಿತ್ತು. ತವರಿನಿಂದ ಸೊಪ್ಪು ಬಂದರೆ ಯಾರು ಬಿಚ್ಚಿ ನೋಡುತ್ತಾರೆ? ಆದರೆ ಈಗ ಅದು ನಿನ್ನೊಬ್ಬಳ ಗುಟ್ಟಾಗಿ ಉಳಿದಿಲ್ಲ. ಆರ್ತೆಮಿಯೋಗೆ ಹೇಳು. ನಿನ್ನನ್ನು ನೋಡಿದರೆ ಅವನ ಮುಖ ಹೇಗೆ ಅರಳುತ್ತದೆ ಅಂತ ನಾನು ಕಂಡಿದ್ದೇನೆ. ಸಂಜೆ ಗಾಣ ಬಿಚ್ಚಿದ ಮೇಲೆ ಅವನನ್ನು ಕೂರಿಸಿಕೊಂಡು ಹೇಳು. ಈ ವಾರವೇ ಲೋಹಾಗೆ ಹೋಗಿ. ಅವನು ಮುಖ ತಿರುಗಿಸಿದರೆ, ಅತ್ತೆ ಬಾಗಿಲು ತೋರಿಸಿದರೆ, ಇಲ್ಲಿಗೆ ಬಾ. ನೀನು ಹುಟ್ಟಿ ಬೆಳೆದ ಮಂಚ ಹಾಗೇ ಇದೆ. ಎಲಿಸೆಯೋ ಅದರ ಕೆಳಗೆ ಜೋಳದ ದಂಟು ಬಚ್ಚಿಟ್ಟಿದ್ದಾನೆ, ಅಷ್ಟೇ.

ಅದುವರೆಗೆ ಆಲೆಮನೆಯ ಕೊಪ್ಪರಿಗೆಯ ಹತ್ತಿರ ಹೋಗಬೇಡ. ಅತ್ತೆ ನಿನ್ನ ಕೈಗೆ ನೊರೆ ತೆಗೆಯುವ ಜಾಲರಿ ಕೊಟ್ಟಿದ್ದಾರೆ, ಆ ಮನೆಯಲ್ಲಿ ಅದು ಸೊಸೆಗೆ ಸಿಗುವ ದೊಡ್ಡ ಮರ್ಯಾದೆ ಅಂತ ಬರೆದಿದ್ದೀಯ. ನನಗೂ ಹೆಮ್ಮೆಯೇ. ಆದರೂ ಸೊಂಟ ನೋವು ಅನ್ನು, ತಲೆ ಸುತ್ತು ಅನ್ನು, ಏನಾದರೂ ಒಂದು ನೆಪ ಹೇಳು. ಕಾಲುವೆಗೆ ಬಟ್ಟೆ ಒಗೆಯಲು ಒಬ್ಬಳೇ ಹೋಗಬೇಡ. ಈ ಕಾಗದ ಓದಿ ಒಲೆಗೆ ಹಾಕು.

ಸಿಸ್ನೆ ಇಗರ್ಜಿಯ ಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ದೊಡ್ಡಮ್ಮ,
ದೊಮಿತಿಲಾ

ಮತ್ತೆ ಬರೆದದ್ದು:

ಕಾಗದ ಮಡಿಸಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಓಡಿಸುವ ಲಿಸಾರ್ದೋ ಬಂದ. ಎಲಿಸೆಯೋ ಎಂದಿನ ಹಾಗೆ "ಹಾರ್ನ್ ಮಾವ ಬಂದ!" ಅಂತ ಕೂಗಿದ. ಅವನು "ಏನೋ ಪೋಲೀಸಪ್ಪಾ, ನಿನ್ನ ಗಾಡಿಗೆ ಲೈಸೆನ್ಸ್ ಇದ್ಯಾ?" ಅನ್ನುತ್ತಾ ಒಂದು ಗೋಣಿಚೀಲ ಇಳಿಸಿದ. ಒಳಗೆ ಒಂದು ಅಚ್ಚು ಹೊಸ ಬೆಲ್ಲ. ಅದರ ಕೆಳಗೆ ನಾನು ಹೋದ ತಿಂಗಳು ಕಳಿಸಿದ ಸೊಪ್ಪಿನ ಕಟ್ಟು, ಅದರ ಹಿಂದಿನ ತಿಂಗಳದ್ದೂ. ದಾರ ಬಿಚ್ಚಿಲ್ಲ. ನಡುವೆ ಬೆರಳಿಟ್ಟು ನೋಡಿದೆ. ಚೀಲಗಳು ಹಾಗೇ ಇವೆ, ನನ್ನ ಹೊಲಿಗೆ ಹಾಗೇ ಇದೆ.

"ಅತ್ತೆಯಮ್ಮ ಹೇಳಿ ಕಳಿಸವ್ರೆ," ಅಂದ ಲಿಸಾರ್ದೋ. "ಬಸುರಿ ಹೆಂಗಸಿಗೆ ಬೇರೆ ಊರಿನ ಸೊಪ್ಪಿನ ನೀರು ಕುಡಿಸೋ ಪದ್ಧತಿ ನಮ್ಮನೇಲಿಲ್ಲ, ಗರ್ಭ ಅಲುಗುತ್ತೆ, ಹೆರಿಗೆ ಆದ್ಮೇಲೆ ಕಳಿಸ್ಲಿ, ಬೀಗಿತ್ತಿ ಬೇಜಾರು ಮಾಡ್ಕೋಬಾರ್ದು ಅಂತ. ಹುಡುಗಿ ಈಗ ರಸ್ತೆಗೆ ಬರಲ್ಲ ದೊಡ್ಡವ್ವಾ. ಕಾಗದ, ಗಂಟು ಎಲ್ಲಾ ಅತ್ತೆ ಕೈಗೇ ಕೊಡ್ತೀನಿ. ಚೆನ್ನಾಗವ್ಳೆ ಬಿಡಿ. ಈಗ ಬರುವಾಗ ನೋಡ್ದೆ, ಕೊಪ್ಪರಿಗೆ ಮುಂದೆ ಜಾಲರಿ ಹಿಡ್ಕೊಂಡು ನಿಂತಿದ್ಲು."

ಆದ್ದರಿಂದ ಇದು ನಿಮಗೆ, ಗ್ರಿಸೆಲ್ದಾ ಬೀಗಿತ್ತಿಯವರೇ. ಮದುವೆಯ ದಿನ ಇಗರ್ಜಿಯಲ್ಲಿ ಪ್ರಾರ್ಥನೆ ಓದಿದವರು ನೀವೇ, ನಿಮಗೆ ಓದು ಬರುತ್ತದೆ. ಲಕೋಟೆಯ ಮೇಲೆ ನೆಲಿದಾಳ ಹೆಸರು ಹೊಡೆದುಹಾಕಿ ನಿಮ್ಮ ಹೆಸರು ಬರೆದಿದ್ದೇನೆ. ಇದನ್ನು ಒಲೆಗೆ ಹಾಕಬೇಡಿ. ಮೇಲೆ ಬರೆದದ್ದನ್ನೆಲ್ಲ ಓದಿ, ಆದರೆ ಮೊದಲು ಎದ್ದು ಹೋಗಿ ಅವಳ ಕೈಯಿಂದ ಜಾಲರಿ ತೆಗೆದುಕೊಳ್ಳಿ. ಆಮೇಲೆ ಓದಿ.

ಅವಳಿಗೆ ಮೂರ್ಛೆಯ ಕಾಯಿಲೆ ಇದೆ. ಮದುವೆಗೆ ಮೊದಲೇ ಇತ್ತು. ನೀವು ಒಳ್ಳೆಯ ಮನಸ್ಸಿನಿಂದ ತಿರುಗಿಸಿದ ಕಟ್ಟಿನಲ್ಲಿ ಅವಳ ಮಾತ್ರೆ ಇತ್ತು. ಮಾತ್ರೆ ಮುಗಿದರೂ ಅವಳು ನಿಮ್ಮನ್ನು ಕೇಳಲಾರದೆ ಹೋಗಿದ್ದಾಳೆ. ಒಡೆದ ಬಟ್ಟಲುಗಳು ಮೊಮ್ಮಗನ ತುಂಟತನ ಅಲ್ಲ. ಚೀಲಗಳನ್ನು ಇದರ ಜೊತೆ ಇಟ್ಟಿದ್ದೇನೆ. ಇಷ್ಟು ದಿನ ತಪ್ಪಿದ ಮೇಲೆ ನೀವಾಗಿ ಕೊಡಬೇಡಿ, ಡಾಕ್ಟರೇ ಹೇಳಲಿ. ಇವತ್ತೇ, ಲಿಸಾರ್ದೋನ ಇದೇ ಬಸ್ಸಿನಲ್ಲಿ, ಆರ್ತೆಮಿಯೋ ಅವಳನ್ನು ಲೋಹಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಈ ಚೀಲ ತೋರಿಸಲಿ, ಎಷ್ಟು ದಿನದಿಂದ ತಪ್ಪಿದೆ ಅಂತ ಅವಳೇ ಹೇಳಲಿ. ಬಸ್ಸು ನಿಮ್ಮ ಬಾಗಿಲಲ್ಲಿ ನಿಲ್ಲುತ್ತದೆ. ಅವಳು ಹತ್ತುವ ತನಕ ಹೊರಡಬೇಡ ಅಂತ ಅವನಿಗೆ ಹೇಳಿದ್ದೇನೆ. ದಾರಿಯಲ್ಲಿ ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ.

ನಾನೇ ಬರುತ್ತಿದ್ದೆ. ಮರೂಹಾ ಬರುವವರೆಗೆ ಎಲಿಸೆಯೋನನ್ನು ಬಿಟ್ಟು ಬರಲಾರೆ, ಮೇಲೆ ಓದಿದರೆ ನಿಮಗೇ ತಿಳಿಯುತ್ತದೆ. ಶನಿವಾರ ಬರುತ್ತೇನೆ. ಮುಚ್ಚಿಟ್ಟು ಮದುವೆ ಮಾಡಿದಿರಿ ಅಂತ ನನ್ನನ್ನು ಬೈಯಲು ಇಟ್ಟುಕೊಂಡ ಮಾತುಗಳನ್ನೆಲ್ಲ ಆಗ ಬೈಯಿರಿ, ನಿಂತು ಕೇಳುತ್ತೇನೆ. ಅವಳನ್ನು ಬೈಯಬೇಡಿ. ಮನೆಯಿಂದ ಕಳಿಸುವುದೇ ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಕಳಿಸಿ, ಜೀವಂತ ಕಳಿಸಿ.

ಲಿಸಾರ್ದೋ ಹಾರ್ನ್ ಹೊಡೆಯುತ್ತಿದ್ದಾನೆ. ಆಸ್ಪತ್ರೆಯಿಂದಲೇ ಬೇಗ ಎರಡು ಸಾಲು ಬರೆದು ಅವನ ಕೈಗೆ ಕೊಡಿ. ನೀವು ಬರೆಯಬೇಡಿ ಬೀಗಿತ್ತಿ, ಅವಳ ಕೈಯಲ್ಲೇ ಬರೆಸಿ. ಅಕ್ಷರ ಎಗರಿದ್ದರೂ ಪರವಾಗಿಲ್ಲ, ಅವಳದ್ದೇ ಆಗಿದ್ದರೆ ಸಾಕು.