ಗುರುಗ್ರಹದ ಬಿಳಿ ಚುಕ್ಕೆ

ಬಳ್ಳಾರಿ
೨೨ ಫೆಬ್ರುವರಿ ೨೦೨೬, ಭಾನುವಾರ

ನನ್ನ ಮುದ್ದಿನ ಸುಮಂಗಲಾ,

ಸಿರುಗುಪ್ಪದ ಬಿಸಿಲಲ್ಲಿ ಪಾಠ ಹೇಳಿ ಹೇಳಿ ನಿನ್ನ ಗಂಟಲು ಒಣಗಿರಬೇಕು, ಮಜ್ಜಿಗೆ ಕುಡಿಯುತ್ತಿರು. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಈ ಕಾಗದ.

ಚಂದ್ರಣ್ಣ ಮೇಷ್ಟ್ರು ಶನಿವಾರ ಸಂಜೆ ಸಂಗನಕಲ್ಲು ಗುಡ್ಡದ ಹತ್ತಿರ ದುರ್ಬೀನು ಇಟ್ಟು ಜನರಿಗೆ ಆಕಾಶ ತೋರಿಸುತ್ತಾರಲ್ಲ, ಅಲ್ಲಿಗೆ ನನ್ನನ್ನು ಮೊದಲು ಕರೆದುಕೊಂಡು ಹೋದವಳು ನೀನೇ. ನಿನಗೆ ಕೆಲಸ ಸಿಕ್ಕು ಸಿರುಗುಪ್ಪಕ್ಕೆ ಹೋದಮೇಲೂ ನಾನು ಬಿಡಲಿಲ್ಲ. ಗುರುಗ್ರಹದ ಮೇಲಿನ ಕೆಂಪು ಚುಕ್ಕೆ ಒಂದು ಬಿರುಗಾಳಿ, ಅದರೊಳಗೆ ನಮ್ಮ ಭೂಮಿಯೇ ಹಿಡಿಸುತ್ತದೆ ಎಂದು ಮೇಷ್ಟ್ರು ಹೇಳಿದ ದಿನದಿಂದ ನನಗೆ ಅದರದೇ ಹುಚ್ಚು.

ಮೂರು ವಾರದ ಹಿಂದೆ ಗುರುವಿನ ಪಟ್ಟೆಯ ಮೇಲೆ ಒಂದು ಬಿಳಿ ಚುಕ್ಕೆ ಕಂಡೆ. ಹಿಂದಿನ ವಾರ ಅದು ಇರಲಿಲ್ಲ. ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವಳು ನಾನು, ಒಂದು ಹೊಲಿಗೆ ಬಿಟ್ಟಿದ್ದರೂ ತಟ್ಟನೆ ಗೊತ್ತಾಗುತ್ತದೆ. ಮೇಷ್ಟ್ರು ನೋಡಿ, "ಗಾಜಿನ ಮ್ಯಾಲೆ ಧೂಳು ಕುಂತೈತಿ, ನೀಲಾವತಮ್ಮ" ಎಂದರು.

"ಧೂಳಾದ್ರ ಗಾಜಿನ ಜೋಡಿ ತಿರುಗಬೇಕಲ್ರಿ ಸಾರ್. ಒಮ್ಮಿ ತಿರುಗಿಸಿ ನೋಡ್ರಿ" ಎಂದೆ.

ಸಾಲಿನಲ್ಲಿದ್ದವರು ನಕ್ಕರು. ಮೇಷ್ಟ್ರು ಮುಂದಿನವರನ್ನು ಕರೆದರು. ಸುದ್ದಿ ನಿನ್ನ ತನಕ ಮುಟ್ಟಿತು. ಓದಿದವರ ಮುಂದೆ ವಾದ ಮಾಡಿ ನನ್ನ ಮರ್ಯಾದೆ ಕಳೆಯಬೇಡಮ್ಮ ಎಂದು ಫೋನಿನಲ್ಲಿ ಅಂದೆಯಲ್ಲ, ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಊಟ ಸೇರಲಿಲ್ಲ.

ಮುಂದಿನ ಶನಿವಾರ ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತೆ. ಜನ ಕರಗಿದ ಮೇಲೆ ಮತ್ತೆ ಕೇಳಿದೆ. ಮೇಷ್ಟ್ರು ಬೇಸರದಿಂದಲೇ ಕಣ್ಣಿಡುವ ಗಾಜು ತಿರುಗಿಸಿದರು. ಚುಕ್ಕೆ ಇದ್ದಲ್ಲೇ ಇತ್ತು. ಪ್ಯಾಂಟಿನ ಅಳತೆ ಬರೆಯುವ ಕಾಗದ ತೆಗೆದು, ಅರ್ಧ ಗಂಟೆಗೊಂದರಂತೆ ಮೂರು ಚಿತ್ರ ಬರೆದೆ. ಗ್ರಹ ತಿರುಗಿದಂತೆ ಚುಕ್ಕೆಯೂ ಅದರ ಅಂಚಿನ ಕಡೆ ಸರಿಯುತ್ತಿತ್ತು. ಮೇಷ್ಟ್ರು ಚಿತ್ರಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಗ್ರಹಗಳನ್ನು ನೋಡಿ ದಾಖಲಿಸುವವರ ಒಂದು ಬಳಗಕ್ಕೆ ಅವನ್ನು ಕಳಿಸಿದ್ದರಂತೆ. ನಿನ್ನೆ ಉತ್ತರ ಬಂತು. ಬೇರೆ ಊರುಗಳ ಕ್ಯಾಮೆರಾಗಳಿಗೂ ಅದೇ ಚುಕ್ಕೆ ಸಿಕ್ಕಿದೆ. ಹೊಸದಾಗಿ ಎದ್ದ ಬಿರುಗಾಳಿ ಅದು, ನಮ್ಮ ದೇಶಕ್ಕಿಂತ ದೊಡ್ಡದು! ದಾಖಲೆಯಲ್ಲಿ ನನ್ನ ಚಿತ್ರ, ಕೆಳಗೆ ನನ್ನ ಹೆಸರು, ಬಳ್ಳಾರಿ ಎಂದು ಊರು.

ಮೇಷ್ಟ್ರು ಗುಡ್ಡದ ಬುಡದಲ್ಲಿ ಎಲ್ಲರ ಮುಂದೆ ಅದನ್ನು ಓದಿದರು. "ಧೂಳು ಅಂದಾಂವ ನಾನು. ಕಂಡಾಕಿ ನೀಲಾವತಮ್ಮ. ಇನ್ನ ಆಕಿನೇ ಹೇಳ್ಲಿ" ಎಂದು ದುರ್ಬೀನಿನ ಪಕ್ಕ ನನ್ನನ್ನು ನಿಲ್ಲಿಸಿದರು. ನನ್ನ ಪಕ್ಕದ ಮಿಷಿನ್ನಿನ ಜಂಬಮ್ಮ ಕೈ ಕೆಂಪಾಗುವ ಹಾಗೆ ಚಪ್ಪಾಳೆ ಹೊಡೆದಳು. ಅಲ್ಲಿ ಗಾಳಿ ಎಷ್ಟು ಜೋರು ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದೆ. ಯಾರೂ ನಗಲಿಲ್ಲ.

ನಿನ್ನ ಶಾಲೆಯ ಮಕ್ಕಳಿಗೂ ಗುರುವನ್ನು ತೋರಿಸೋಣ ಎಂದಿದ್ದಾರೆ ಮೇಷ್ಟ್ರು. ದುರ್ಬೀನು ಅವರು ತರುತ್ತಾರೆ, ಮಾತು ನನ್ನದು. ನಿಮ್ಮ ಹೆಡ್‌ಮಾಸ್ಟರರನ್ನು ಕೇಳಿ ದಿನ ಗೊತ್ತುಮಾಡು. ಪರಿಚಯ ಮಾಡಿಸುವಾಗ, ಜೀನ್ಸ್ ಹೊಲಿಯುವ ನಮ್ಮಮ್ಮ ಎಂದೇ ಹೇಳಬೇಕು.

ಈ ವಾರ ತಲೆ ಎತ್ತಿ ನಡೆಯುತ್ತಿರುವ
ನಿನ್ನ ಅಮ್ಮ,
ನೀಲಾವತಿ

ತಾ.ಕ.: ಒಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ದೀಪಾವಳಿಯಿಂದ ನನ್ನ ಎಡಗಣ್ಣಿಗೆ ಪೊರೆ ಬಂದು ಮಬ್ಬಾಗಿದೆ. ಚುಕ್ಕೆ ಕಂಡದ್ದು ಬಲಗಣ್ಣೊಂದರಿಂದಲೇ. ದುರ್ಬೀನಿಗೆ ಒಂದೇ ಕಣ್ಣು ಸಾಕಲ್ಲ! ಮಾರ್ಚ್ ಎರಡು, ಸೋಮವಾರ ಆಪರೇಶನ್. ಬೈಯುವುದಿದ್ದರೆ ರಜೆ ಹಾಕಿ ಬಂದು ಬೈಯಿ.