ಒಂಟಿ ಹೂವಿನ ಮನೆ

ಲೋ ತಮ್ಮಾ,

ಎದ್ದ ತಕ್ಷಣ ಇದನ್ನ ಓದು. ಹೂವಿಗೆ ಆಮೇಲೆ ನೀರು ಹಾಕುವೆಯಂತೆ.

ರಾತ್ರೋರಾತ್ರಿ ಹಾಲ್‌ನಲ್ಲಿದ್ದ ಸಾಮಾನೆಲ್ಲ ಖಾಲಿ ಮಾಡಿದ್ದೀಯ. ಬೋಳು ಗೋಡೆ, ಬೋಳು ನೆಲ, ಮೂಲೇಲಿ ಒಂದು ಬಾಟಲಿ, ಅದರಲ್ಲಿ ಒಂದೇ ಒಂದು ಹೂವು. ಚೆನ್ನಾಗಿಲ್ಲ ಅನ್ನಲ್ಲ. ಆದ್ರೆ ಅದು ನಾನು ಆಸ್ಪತ್ರೆ ಡ್ಯೂಟಿಗೆ ಒಯ್ಯೋ ನೀರಿನ ಬಾಟಲಿ ಕಣೋ! ಹೋಗಲಿ, ಅದು ಬಿಡು.

ಅಟ್ಟಕ್ಕೆ ಹಾಕಿರೋ ಬೆತ್ತದ ಕುರ್ಚಿ, ಎತ್ತರದ ಸ್ಟೂಲು, ಬಟ್ಟೆ ಸ್ಟ್ಯಾಂಡು, ಮೂರನ್ನೂ ಈಗಲೇ ಇಳಿಸು. ಇದ್ದ ಜಾಗದಲ್ಲೇ ಇಡು, ಒಂದು ಗೇಣೂ ಆಚೀಚೆ ಆಗಬಾರದು. ಅವು ಬೇಡದ ಸಾಮಾನಲ್ಲ ಮಾರಾಯ. ಕಣ್ಣು ಹೋದಾಗಿನಿಂದ ಅಪ್ಪ ಬಚ್ಚಲಿಗೆ ಹೋಗೋದೇ ಅವನ್ನ ಮುಟ್ಕೊಂಡು. ಕುರ್ಚಿ, ಸ್ಟೂಲು, ಸ್ಟ್ಯಾಂಡು, ಆಮೇಲೆ ಬಾಗಿಲು. ಇಷ್ಟು ವರ್ಷ ಜೊತೇಲಿದ್ದೂ ಇದು ನಿನ್ನ ಕಣ್ಣಿಗೆ ಬಿದ್ದಿಲ್ವಾ?

ಬೆಳಿಗ್ಗೆ ನೋಡ್ತೀನಿ, ಹಾಲ್‌ ನಡುವೆ ಅಪ್ಪ ಎರಡೂ ಕೈ ಚಾಚ್ಕೊಂಡು ನಿಂತಿದ್ದಾರೆ. "ನಾನು ಯಾರ ಮನೇಲಿದ್ದೀನಮ್ಮ?" ಅಂದ್ರು. ಕೈ ಹಿಡ್ಕೊಂಡು ಬಚ್ಚಲ ತನಕ ಕರ್ಕೊಂಡು ಹೋದೆ.

ನಿನ್ನನ್ನ ಎಬ್ಬಿಸಿ ಬೈಯೋಣ ಅಂತ ರೂಮಿನ ತನಕ ಬಂದಿದ್ದೆ. ಅಪ್ಪಾನೇ ತಡೆದ್ರು. "ಪಾಪ, ಆಸೆಪಟ್ಟು ಮಾಡಿದಾನೆ, ಅವನಿಗೇನೂ ಹೇಳ್ಬೇಡ." ಸರಿ, ಹೇಳ್ತಾ ಇಲ್ಲ, ಬರೀತಾ ಇದ್ದೀನಿ.

ನಿನ್ನ ಹೂವು ಇರಲಿ. ಆದ್ರೆ ಈ ವಾಸನೆ ಇಲ್ಲದ್ದು ಬೇಡ. ಸುಗಂಧರಾಜ ತಂದು ಬಚ್ಚಲ ಬಾಗಿಲ ಪಕ್ಕ ಇಡು. ಒಂದೇ ಕಡ್ಡಿ ಸಾಕು, ನಿನ್ನ ಇಷ್ಟದ ಹಾಗೆ.

ನೀನು ಮಾಡಿದ್ದು ಅಪ್ಪನಿಗೂ ಕಾಣಲಿ.

ಅಕ್ಕ